ಎರಡು ಬೆಂಕಿ ದಾಟದ ಬ್ಯಾಟರಿ

ಅದು ಎಲ್ಲ ದಿನದಂಥದೇ ದಿನ. ಗಾಳಿ ಇರಲಿಲ್ಲ. ನಮ್ಮೂರಾದ ಶಾರ್‌ಹುದಗಿನ ಹೊಗೆಕೊಳವೆಗಳಿಂದ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ನಮ್ಮ ಬೇಲಿಯ ಆಚೆ ಮನೆಯ ನೊರ್ಜ್‌ಮಾ ಚಹಾಕ್ಕೆ ಹಾಲು ಹುಯ್ದು, ಉಪ್ಪು ಹಾಕಿ, ಸೌಟಿನಿಂದ ಎತ್ತೆತ್ತಿ ಸುರಿಯುತ್ತಿದ್ದಳು. ಹೊರಗೆ ಅವಳ ಗಂಡ ದಾಂಬಾ ಗಾಡಿಯ ಬಾನೆಟ್ ಎತ್ತಿ, ರಾತ್ರಿ ಒಳಗೆ ಬೆಚ್ಚಗಿಟ್ಟಿದ್ದ ಬ್ಯಾಟರಿಯನ್ನು ಅದರ ಜಾಗದಲ್ಲಿ ಕೂರಿಸುತ್ತಿದ್ದ. ಟಿಣ್... ಅಂತ ಸ್ಪ್ಯಾನರ್ ಕಬ್ಬಿಣಕ್ಕೆ ತಾಗಿತು. ಆಮೇಲೆ ಕರ್... ಕರ್... ಅಂತ ಚಾಕುವಿನಿಂದ ಟರ್ಮಿನಲ್‌ನ ಕಿಲುಬು ಕೆರೆಯುವ ಸದ್ದು.

"ಚಹಾ ಆರ್ತಿದೆ!" ಎಂದು ಅವಳು ಕೂಗಿದಳು.

"ಮೈನಸ್ ಒಂದು ಉಳಿದಿದೆ. ಬಂದೆ."

ಕರ್... ಕರ್... ಆಮೇಲೆ ಸದ್ದು ನಿಂತಿತು.

ಚಹಾ ಆರಿತು. ಅವಳು ಬೈಯುತ್ತಲೇ ಹೊರಗೆ ಬಂದಳು. ಅವನು ಮುಂದಿನ ಚಕ್ರಕ್ಕೆ ಒರಗಿ ಕೂತಿದ್ದ. ಚಾಕು ತೊಡೆಯ ಮೇಲಿತ್ತು. ಕಣ್ಣು ತೆರೆದೇ ಇದ್ದವು. ಹಿಮದ ಪುಡಿ ಕಣ್ಣಿನ ಮೇಲೆ ಬೀಳುತ್ತಿತ್ತು, ಅದು ಕರಗುತ್ತಿರಲಿಲ್ಲ.

ಹೃದಯ ನಿಂತಿದೆ ಎಂದು ಆಸ್ಪತ್ರೆಯವರು ಹೇಳಿದರು. ಅದರಲ್ಲಿ ಯಾವ ಗುಟ್ಟೂ ಇಲ್ಲ. ಗುಟ್ಟು ಇರುವುದು ಆಮೇಲೆ ನಡೆದದ್ದರಲ್ಲಿ.

ಅವನನ್ನು ಮಣ್ಣಿಗೆ ಒಯ್ದದ್ದು ಅದೇ ಗಾಡಿಯಲ್ಲಿ. ಬೂದು ಬಣ್ಣದ ಹಳೇ ರಷ್ಯನ್ ವ್ಯಾನ್ ಅದು. ನಮ್ಮೂರಿಗೂ ಜಿಲ್ಲಾ ಕೇಂದ್ರಕ್ಕೂ ನಡುವೆ ಜನ, ಹಿಟ್ಟಿನ ಮೂಟೆ, ಔಷಧಿ, ಕುರಿಯ ಚರ್ಮ ಎಲ್ಲವನ್ನೂ ಹೊತ್ತು ತಿರುಗಿದ ಗಾಡಿ. ಮಣ್ಣು ಮಾಡಿ ಬಂದವರು ಮನೆಗೆ ಕಾಲಿಡುವ ಮೊದಲು ಎರಡು ಬೆಂಕಿಗಳ ನಡುವೆ ಹಾದು ಬರಬೇಕು. ಮನುಷ್ಯರೂ ಹಾಯಬೇಕು, ಗಾಡಿಯೂ ಹಾಯಬೇಕು. ಸತ್ತವನ ಹಿಂದೆ ಬಂದದ್ದೇನಾದರೂ ಇದ್ದರೆ ಅದು ಬೆಂಕಿಯ ಆಚೆಯೇ ನಿಲ್ಲುತ್ತದೆ. ಆದರೆ ಅವರು ವಾಪಸು ಬರುವಷ್ಟರಲ್ಲಿ ಗೋಬಿಯ ಕಡೆಯಿಂದ ಗಾಳಿ ಎದ್ದಿತ್ತು. ಒಣ ಸಗಣಿ ಹೊತ್ತುವುದು, ಆರುವುದು, ಮತ್ತೆ ಹೊತ್ತುವುದು. ಜನರನ್ನೇನೋ ಹೇಗೋ ದಾಟಿಸಿದರು. ಗಾಡಿ ಬೇಲಿಯ ಹೊರಗೇ ಇರಲಿ, ಬೆಳಗ್ಗೆ ದಾಟಿಸೋಣ ಎಂದು ಹಿರಿಯರು ಹೇಳಿದರು.

ಆ ರಾತ್ರಿ ಮಲಗುವ ಮೊದಲು ನೊರ್ಜ್‌ಮಾ ಹೊರಗೆ ಹೋದಳು. ಬಾನೆಟ್ ಎತ್ತಿದಳು. ಮೈನಸ್ ಮೊದಲು ಸಡಿಲಿಸಿದಳು, ಆಮೇಲೆ ಪ್ಲಸ್. ಬ್ಯಾಟರಿಯನ್ನು ಎದೆಗೆ ಒತ್ತಿಕೊಂಡು ಒಳಗೆ ತಂದು, ಗೆರ್ ಎಂಬ ನಮ್ಮ ದುಂಡು ಗುಡಾರಮನೆಯ ಎಡಮಗ್ಗುಲಿಗೆ, ಗಂಡಸರ ಸಾಮಾನು ಇಡುವ ಕಡೆ, ಒಲೆಗೂ ಉಣ್ಣೆಹಾಸಿನ ಗೋಡೆಗೂ ನಡುವೆ ಹಲಗೆಯ ಮೇಲಿಟ್ಟಳು.

ಬೇಕೆಂದು ಮಾಡಿದ್ದಲ್ಲ. ಚಳಿಗಾಲದಲ್ಲಿ ರಾತ್ರಿ ಹೊರಗೆ ಬಿಟ್ಟ ಬ್ಯಾಟರಿ ಬೆಳಗ್ಗೆ ಕಲ್ಲು. ಹಾಗಾಗಿ ಇಲ್ಲಿ ಪ್ರತಿ ಮನೆಯಲ್ಲೂ ಅದು ಜನರ ಜೊತೆಗೇ ಮಲಗುತ್ತದೆ. ಕೈ ತಾನಾಗಿ ಮಾಡುವ ಕೆಲಸ ಅದು. ಬೆಳಗ್ಗೆ ಗಾಳಿ ಇಳಿದಿತ್ತು. ಗಂಡಸರು ಬೆಂಕಿ ಹಾಕಿ, ಗಾಡಿಯನ್ನು ತಳ್ಳಿಕೊಂಡು ಎರಡರ ನಡುವೆ ದಾಟಿಸಿದರು. ಬ್ಯಾಟರಿ ಇಲ್ಲವಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ಬೆಳಗಿನ ಹೊತ್ತು ಯಾವ ಗಾಡಿಯಲ್ಲಿ ಬ್ಯಾಟರಿ ಇರುತ್ತದೆ?

ಮೊದಲ ಸಲ ಅದು ಗೊತ್ತಾದದ್ದು ಬಾವಿಯ ಹತ್ತಿರ.

ನಾನು ಪಾಠ ಹೇಳುವ ಶಾಲೆಯ ಬಾಯ್ಲರ್ ಕೋಣೆಯಲ್ಲಿ ಊರವರ ಬ್ಯಾಟರಿಗಳಿಗೆಲ್ಲ ಚಾರ್ಜು. ನೊರ್ಜ್‌ಮಾ ತನ್ನದನ್ನು ಜಾರುಬಂಡಿಯ ಮೇಲಿಟ್ಟು, ಹಗ್ಗ ಹೆಗಲಿಗೆ ಹಾಕಿ ಎಳೆದುಕೊಂಡು ಬರುತ್ತಿದ್ದಳು. ಕತ್ತಲಾಗಿತ್ತು. ಬೂಟಿನ ಕೆಳಗೆ ಹಿಮ ಕುರ್... ಕುರ್... ಎನ್ನುತ್ತಿತ್ತು. ಹಿಂದೆ ಜಾರುಬಂಡಿ ಶ್ಶ್... ಅಂತ ಬರುತ್ತಿತ್ತು. ಹಳೇ ಬಾವಿಯ ಮನೆಗೆ ಬೀಗ ಹಾಕಿತ್ತು. ಅದರ ಮುಚ್ಚಳದ ಸರಪಳಿ ಕಿಣಿ... ಕಿಣಿ... ಅಂದಿತು. ಗಾಳಿ ಇರಲಿಲ್ಲ.

ಅವಳು ನಿಂತಳು. ಸರಪಳಿಯೂ ನಿಂತಿತು.

ಮತ್ತೆ ಹೆಜ್ಜೆ ಇಟ್ಟಾಗ ಹಗ್ಗ ಸಡಿಲವಾಗಿತ್ತು. ಜಾರುಬಂಡಿ ಭಾರವೇ ಇರಲಿಲ್ಲ. ಯಾರೋ ಹಿಂದಿನಿಂದ ತಳ್ಳಿಕೊಂಡು ಬಂದ ಹಾಗೆ... ಅದರ ಮೂತಿ ಅವಳ ಹಿಮ್ಮಡಿಗೆ ಟಕ್ ಅಂತ ಬಡಿಯಿತು. ಇನ್ನೊಂದು ಸಲ. ಟಕ್.

ಬೇರೆ ಯಾರಾದರೂ ಆಗಿದ್ದರೆ ಹಗ್ಗ ಬಿಟ್ಟು ಓಡುತ್ತಿದ್ದರು. ಅವಳು ತಿರುಗಲಿಲ್ಲ, ಓಡಲೂ ಇಲ್ಲ.

"ತಳ್ಳೋರು ಯಾರಾದ್ರೂ ಆಗ್ಲಿ, ಸ್ವಲ್ಪ ಮೆಲ್ಲಗೆ ತಳ್ಳಿ" ಎಂದಳು. "ಕಾಲಿಗೆ ತಾಗ್ತಿದೆ."

ಆಮೇಲೆ ತಾಗಲಿಲ್ಲ. ಆದರೆ ಅವಳ ಮನೆಯ ಗೇಟಿನ ಬಳಿ, ಕಿವಿಯ ಪಕ್ಕದಲ್ಲೇ, ಉಸಿರಿಲ್ಲದ ಒಂದು ಪಿಸುಮಾತು.

"ಮೈನಸ್..."

ಆ ರಾತ್ರಿಯಿಂದ ಸದ್ದು ಶುರುವಾಯಿತು. ಒಲೆಯ ಬೆಂಕಿ ತಗ್ಗಿ, ಬೂದಿ ಕುಸಿಯುವ ಹೊತ್ತು. ಮೊದಲು ಟಿಣ್... ಆಮೇಲೆ ಕರ್... ಕರ್... ಅವಳು ದೀಪ ಹಚ್ಚಿದರೆ ನಿಲ್ಲುವುದು, ಆರಿಸಿದರೆ ಮೊದಲಾಗುವುದು. ಬೆಳಗ್ಗೆ ನೋಡಿದರೆ ಮೈನಸ್ ಟರ್ಮಿನಲ್ ಮೇಲೆ ಬೆರಳು ದಪ್ಪ ಕಿಲುಬು. ಬುಡದಲ್ಲಿ ಹಸಿರು, ಮೇಲೆ ಬಿಳಿ, ನೊರೆ ಹೆಪ್ಪುಗಟ್ಟಿದ ಹಾಗೆ. ಪ್ಲಸ್‌ಗೆ ಕಿಲುಬು ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ, ತಿಂಗಳುಗಟ್ಟಲೆ ಬೇಕು ಅದಕ್ಕೆ. ಇಲ್ಲಿ ಪ್ಲಸ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೈನಸ್ ಮಾತ್ರ ಒಂದೇ ರಾತ್ರಿಯಲ್ಲಿ ಹೂ ಬಿಟ್ಟಿತ್ತು.

ಅವಳು ಅದಕ್ಕೆ ಏನು ಮಾಡಬೇಕೋ ಅದನ್ನು ಮಾಡಿದಳು. ನಮ್ಮ ಉಪ್ಪುಕೆರೆಯ ದಂಡೆಯಲ್ಲಿ ಬೆಳ್ಳಗೆ ಏಳುವ ಚೌಳನ್ನು ನಾವು ಚಹಾಕ್ಕೂ ಹಾಕುತ್ತೇವೆ, ತಲೆಗೂ ಹಚ್ಚುತ್ತೇವೆ. ಒಂದು ಹಿಡಿ ಚೌಳನ್ನು ಬಿಸಿನೀರಿಗೆ ಕದಡಿ ಟರ್ಮಿನಲ್ ಮೇಲೆ ಸಣ್ಣಗೆ ಹುಯ್ದಳು. ಸ್ಸ್ಸ್... ಅಂತ ನೊರೆ ಉಕ್ಕಿತು. ನೊರೆ ಇಳಿದ ಮೇಲೆ ಚಾಕುವಿನಿಂದ ಕೆರೆದು, ಉಣ್ಣೆಯ ತುಂಡಿನಿಂದ ಒರೆಸಿ, ಕ್ಲ್ಯಾಂಪಿನ ಒಳಮೈಯನ್ನೂ ಬೆಳಗಿ, ಒಣಗಿಸಿ, ಕೊನೆಗೆ ಕುರಿಯ ಬಾಲದ ಕೊಬ್ಬನ್ನು ತೆಳ್ಳಗೆ ಸವರಿದಳು. ಒಯ್ದು ಗಾಡಿಯಲ್ಲಿ ಕೂರಿಸಿದಳು. ಪ್ಲಸ್ ಮೊದಲು, ಆಮೇಲೆ ಮೈನಸ್. ಸೆಲ್ಫ್ ಹೊಡೆದಳು.

ಟಕ್.

ಅಷ್ಟೇ. ಇಳಿದು ಬಾನೆಟ್ ಎತ್ತಿದರೆ, ಇದೀಗ ಬೆಳಗಿದ ಮೈನಸ್ ಮೇಲೆ ಆಗಲೇ ಬೂಸಿನಂಥ ಬಿಳಿ ಪುಡಿ.

ಹಟ ಬಿಡದೆ ದಿನಾ ಕೆರೆದಳು. ದಿನಾ ಕಟ್ಟಿತು. ಚಹಾಕ್ಕೆ ಇಟ್ಟಿದ್ದ ಚೌಳು ಮುಗಿದು, ನಮ್ಮ ಮನೆಯಿಂದ ಒಂದು ಬಟ್ಟಲು ಇಸಿದುಕೊಂಡು ಹೋದಳು. "ಚಹಾ ಜಾಸ್ತಿ ಕುಡೀತಿದ್ದೀಯಾ?" ಎಂದು ನಾನು ಕೇಳಿದ್ದಕ್ಕೆ, "ನಾನಲ್ಲ, ಬ್ಯಾಟರಿ ಕುಡೀತಿದೆ" ಎಂದಳು. ನಗಲಿಲ್ಲ.

ದಾಂಬಾನ ತಮ್ಮ ಬಾಲ್ಜಿರ್ ಬೆಟ್ಟದ ಬುಡದಲ್ಲಿ ಕುರಿ ಸಾಕಿಕೊಂಡಿದ್ದವನು. ನೀಲಿ ಲಾರಿ ಇತ್ತು. ಆ ವ್ಯಾನನ್ನು ಅಣ್ಣತಮ್ಮಂದಿರು ಸೇರಿಯೇ ಕೊಂಡದ್ದು. ಗಾಡಿ ಅಲ್ಲಾಡುತ್ತಿಲ್ಲ ಎಂಬ ಸುದ್ದಿ ತಲುಪಿದ್ದೇ ತಡ, ಬಂದು ಒಲೆಯ ಮುಂದೆ ಕೂತ. ವಾಡಿಕೆಯಂತೆ ನಶ್ಯದ ಬುರುಡೆ ಮುಂದೆ ಚಾಚಿ ಮೆತ್ತಗೆ ಶುರುಮಾಡಿದ.

"ಅತ್ತಿಗೆ, ಹಟ ಬೇಡಿ. ಅಣ್ಣ ಹಿಡ್ಕೊಂಡಿರೋ ಗಾಡಿ ಅದು. ಊರೆಲ್ಲ ಮಾತಾಡ್ತಿದೆ. ಮಾರಿಬಿಡೋಣ. ನೀವು ನಮ್ಮ ಮನೆಗೆ ಬನ್ನಿ. ನಮ್ಮ ಒಲೆ ಪಕ್ಕ ಜಾಗ ಇದೆ."

"ಇರುತ್ತೆ ಬಿಡು. ಒಲೆಗೆ ಸಗಣಿ ಹಾಕೋಕೆ ಒಬ್ರು ಬೇಕಲ್ಲ."

"ಹಾಗಂದ್ರೆ ಹೇಗೆ..."

"ಕುರಿ ಮರಿ ಹಾಕೋ ಕಾಲಕ್ಕೆ ರಾತ್ರಿ ಎದ್ದು ಕೂರೋಕೂ ಬೇಕು. ನಿನ್ನ ಹೆಂಡ್ತಿಗೆ ನಿದ್ದೆ ಜಾಸ್ತಿ ಅಂತ ನಂಗೊತ್ತು."

ಬಾಲ್ಜಿರನ ಕಿವಿ ಕೆಂಪಾಯಿತು. ನಶ್ಯದ ಬುರುಡೆಯನ್ನು ನಿಲುವಂಗಿಯ ಎದೆಯೊಳಗೆ ಸಿಕ್ಕಿಸಿಕೊಂಡು ಎದ್ದ. "ಸರಿ. ಬಿಳಿ ತಿಂಗಳ ಹೊಸವರ್ಷದ ಹಬ್ಬದ ಹಿಂದಿನ ದಿನ ಬೆಳಗ್ಗೆ ಬರ್ತೀನಿ. ಗಾಡಿ ಸ್ಟಾರ್ಟ್ ಆದ್ರೆ ಅದು ನಿಮ್ಮದು, ನನ್ನ ಪಾಲು ಕೇಳಲ್ಲ, ಮತ್ತೆ ಮಾತೆತ್ತಲ್ಲ. ಆಗ್ಲಿಲ್ಲ ಅಂದ್ರೆ ನನ್ನ ಲಾರಿಗೆ ಕಟ್ಟಿ ಎಳ್ಕೊಂಡು ಹೋಗ್ತೀನಿ. ಜೊತೆಗೆ ನೀವೂ ಹತ್ಬೇಕು."

"ಗಟ್ಟಿ ಹಗ್ಗ ತಗೊಂಬಾ. ದಾರೀಲಿ ನಿನ್ನ ಲಾರೀನೇ ನಾನು ಎಳೀಬೇಕಾದೀತು."

ಹಾಗೆ ಹೇಳಿ ಕಳಿಸಿದಳೇ ಹೊರತು, ಅವನು ಹೋದ ಮೇಲೆ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಗಾಡಿ ಹೋದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸ್ಟೀರಿಂಗ್ ಹಿಡಿದ ಕೈ ಇನ್ನೊಬ್ಬರ ಮನೆಯ ಪಾತ್ರೆ ಹಿಡಿಯಬೇಕು, ಸಾಯುವವರೆಗೆ.

ಡೆಜಿದಜ್ಜಿಗೆ ಊರಿನಲ್ಲಿ ಎಲ್ಲರಿಗಿಂತ ವಯಸ್ಸು. ಹಬ್ಬಕ್ಕೆ ಮೊದಲು ಒಂದು ಸಂಜೆ ಅವಳು ಕೋಲೂರಿಕೊಂಡು ಬಂದಳು. ಗೆರ್‌ನ ಹೊಸ್ತಿಲು ದಾಟಿದವಳು ಕೂರಲಿಲ್ಲ. ಎಡಮಗ್ಗುಲಿನ ಹಲಗೆಯನ್ನೇ ನೋಡಿದಳು. ಪಿಸುಗುಟ್ಟಿದಳು.

"ಇದು ಆವತ್ತು ಗಾಡೀಲಿ ಇತ್ತಾ?"

"ಮಣ್ಣಿಗೆ ಹೋಗುವಾಗ ಇತ್ತು ಅಜ್ಜಿ."

"ಬೆಂಕಿ ದಾಟುವಾಗ?"

ಆಗ ನೊರ್ಜ್‌ಮಾಗೆ ಹೊಳೆಯಿತು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ನೀನೇ ಎತ್ಕೊಂಡು ಬಂದಿದ್ದೀಯ ಮಗಳೇ" ಎಂದಳು ಅಜ್ಜಿ. "ಎದೆಗೆ ಅವುಚ್ಕೊಂಡು."

"ಈಗ ಏನ್ಮಾಡ್ಲಿ?"

"ಮತ್ತೆ ಎರಡು ಬೆಂಕಿ ಹಾಕು. ಬ್ಯಾಟರಿ ಹೊತ್ಕೊಂಡು ನಡುವೆ ದಾಟು. ಅವನು ಮಾತಾಡಿಸ್ತಾನೆ. ಓಗೊಡಬೇಡ. ತಿರುಗಿ ನೋಡಬೇಡ. ಹೆಸರಂತೂ ಎತ್ಲೇಬೇಡ. ಯಾವುದೊಂದು ತಪ್ಪಿದ್ರೂ ಅವನು ಇಲ್ಲೇ ಉಳಿದ. ಆಮೇಲೆ ಯಾವ ಲಾಮಾನೂ ಕಳಿಸೋಕಾಗಲ್ಲ."

"ದಾಟಿದ್ರೆ?"

"ದಾಟಿದ್ರೆ ಹೋದ. ಮತ್ತೆ ಸಿಗಲ್ಲ."

ಅಜ್ಜಿ ಚಹಾ ಕುಡಿಯದೆ ಹೋದಳು. ನಮ್ಮಲ್ಲಿ ಹಾಗೆ ಯಾರೂ ಮಾಡುವುದಿಲ್ಲ.

ಹಬ್ಬಕ್ಕೆ ಇನ್ನು ಎರಡೇ ರಾತ್ರಿ. ಚಂದ್ರ ಇಲ್ಲದ ಕತ್ತಲೆ. ಬೆಳಗಾದರೆ ಬಾಲ್ಜಿರ್ ಬರುತ್ತಾನೆ. ಊರಿನ ಎಲ್ಲ ಮನೆಗಳಲ್ಲೂ ಹಬ್ಬದ ಕಡುಬಿಗೆ ಮಾಂಸ ಕೊಚ್ಚುವ ಸದ್ದು ಮುಗಿದು ನಾಯಿಗಳೂ ಸುಮ್ಮನಾದವು. ನೊರ್ಜ್‌ಮಾ ಗೇಟಿನ ಹೊರಗೆ ಎರಡು ಗುಪ್ಪೆ ಒಣ ಸಗಣಿ ಪೇರಿಸಿದಳು. ಹೊತ್ತಿಸಿದಳು. ಎರಡೂ ನೆಟ್ಟಗೆ ಉರಿದವು. ನಮ್ಮ ಮನೆಯ ಕಿಟಕಿಯ ಮಂಜುಗಡ್ಡೆಯ ಮೇಲೆ ಆ ಬೆಳಕು ಕೆಂಪಾಗಿ ಬಿದ್ದಿತ್ತು. ಅದಕ್ಕೆ ನನಗೆ ಎಚ್ಚರವಾಯಿತು.

ಅವಳು ಒಳಗೆ ಹೋಗಿ ಬ್ಯಾಟರಿ ಎತ್ತಿದಳು. ಹಿಂದಿನ ದಿನ ಎತ್ತಿದ್ದಷ್ಟೇ ಭಾರ. ಹೊಸ್ತಿಲು ದಾಟಿದಳು. ಸ್ವಲ್ಪ ಹೆಚ್ಚಾಯಿತು. ಅಂಗಳದಲ್ಲಿ ಇನ್ನೂ ಹೆಚ್ಚು. ಗೇಟಿಗೆ ಬರುವಷ್ಟರಲ್ಲಿ ಕಾಲು ಕಟ್ಟಿದ ಕರುವನ್ನು ಎತ್ತಿದ ಹಾಗಿತ್ತು. ಅವಳ ಬೂಟು ಕುರ್... ಎಂದಿತು. ಹಿಂದೆ ಇನ್ನೊಂದು ಕುರ್... ಎಂದಿತು.

ಬೆಂಕಿಗಳ ನಡುವೆ ಕಾಲಿಟ್ಟಳು.

"ಚಳಿ..."

ಅವಳು ತುಟಿ ಕಚ್ಚಿದಳು. ಇನ್ನೊಂದು ಹೆಜ್ಜೆ.

"ನೊರ್ಜ್... ಚಳಿ..."

ಹಾಗೆ ಅರ್ಧ ಹೆಸರು ಹಿಡಿದು ಅವಳನ್ನು ಕರೆಯುತ್ತಿದ್ದವನು ಒಬ್ಬನೇ. ಇನ್ನು ಎರಡು ಹೆಜ್ಜೆ ಇಟ್ಟಿದ್ದರೆ ಬೆಂಕಿಯ ಆಚೆಗೆ. ಗಾಡಿ ಸ್ಟಾರ್ಟ್ ಆಗುತ್ತಿತ್ತು. ಬಾಲ್ಜಿರ್ ಬರಿಗೈಯಲ್ಲಿ ಹೋಗುತ್ತಿದ್ದ. ಎಲ್ಲ ಕ್ರಮವಾಗಿ ಮುಗಿಯುತ್ತಿತ್ತು.

ಅವಳು ನಿಂತಳು.

"ಒಲೆ ಪಕ್ಕ ಇಷ್ಟು ದಿನ ಕೂತಿದ್ದೆ. ಇನ್ನೂ ಚಳೀನಾ ನಿಂಗೆ?"

ಬೆಂಕಿ ಚಟ್ ಎಂದಿತು. ಹಿಂದಿನ ಸದ್ದು ನಿಂತಿತು.

"ನಂದು..."

"ಯಾವುದು? ಗಾಡೀನಾ? ಆಗಿತ್ತು. ಈಗ ನಂದು."

"ಹೋಗ್ಬೇಡ..."

"ಹೋಗ್ತೀನಿ. ದಿನಾ ಹೋಗ್ತೀನಿ. ನೀನು ಕಟ್ಟು, ನಾನು ಕೆರೀತೀನಿ. ಕೆರೆ ದಂಡೆ ಉದ್ದಕ್ಕೂ ಚೌಳಿದೆ. ಯಾರಿಗೆ ಮೊದಲು ಸಾಕಾಗುತ್ತೆ ನೋಡೋಣ."

ಬ್ಯಾಟರಿಯ ಭಾರಕ್ಕೆ ಅವಳ ಬೆನ್ನು ಬಾಗಿತ್ತು. ಆದರೆ ದನಿ ಬಾಗಿರಲಿಲ್ಲ. ಪಿಸುಮಾತು ಬಿಟ್ಟು, ಬೇಲಿಯ ಈಚೆಗೂ ಕೇಳುವಷ್ಟು ಗಟ್ಟಿಯಾಗಿ ಹೆಸರು ಹಿಡಿದು ಕೂಗಿದಳು.

"ದಾಂಬಾ! ಕೇಳಿಸ್ಕೋ. ನಿನ್ನ ತಮ್ಮ ಹೇಳಿದ ಅಂತ ನಾನು ಗಾಡಿ ಬಿಡಲ್ಲ. ಡೆಜಿದಜ್ಜಿ ಹೇಳಿದ್ರು ಅಂತ ನಿನ್ನೂ ಬಿಡಲ್ಲ. ನನ್ನ ಕೇಳಿ ಸತ್ತೆಯಾ ನೀನು? ಹೋಗೋದಾದ್ರೆ ಹೋಗು. ಇರೋದಾದ್ರೆ ಇರು. ಪಕ್ಕದ ಸೀಟು ನಿಂದು. ಸ್ಟೀರಿಂಗ್ ಮುಟ್ಟೋ ಹಾಗಿಲ್ಲ, ಟರ್ಮಿನಲ್ ಮುಟ್ಟೋ ಹಾಗಿಲ್ಲ. ಗೊತ್ತಾಯ್ತಾ?"

ಆಮೇಲೆ ಅವಳು ಎರಡು ಬೆಂಕಿಗಳ ನಡುವೆ ನಿಂತೇ ಪೂರ್ತಿ ತಿರುಗಿದಳು. ನೋಡಿದಳು.

ಏನು ಕಂಡಳು ಎಂದು ಊರಿನವರೆಲ್ಲ ಒಬ್ಬೊಬ್ಬರಾಗಿ ಕೇಳಿದ್ದಾರೆ. ಎಲ್ಲರಿಗೂ ಒಂದೇ ಉತ್ತರ. "ಟೋಪಿ ಹಾಕಿರ್ಲಿಲ್ಲ. ಅದಕ್ಕೇ ಚಳಿ."

ಅಷ್ಟು ಹೊತ್ತಿಗೆ ಪೂರ್ವದಲ್ಲಿ ಬೆಟ್ಟದ ಅಂಚು ಬೂದಿಬಣ್ಣಕ್ಕೆ ತಿರುಗಿತ್ತು. ಅವಳು ಬೆಂಕಿ ದಾಟದೆ ಹಿಂದಿರುಗಿ ಬಂದು ಬ್ಯಾಟರಿಯನ್ನು ಬಾನೆಟ್ಟಿನ ಒಳಗೆ ಇಳಿಸಿದಳು. ಕೆಟಲಿನಲ್ಲಿದ್ದ ಚೌಳುನೀರನ್ನು ಮೈನಸ್ ಮೇಲೆ ಹುಯ್ದಳು. ನೊರೆ ಏಳಲಿಲ್ಲ. ಟಾರ್ಚ್ ಹಿಡಿದು ಬಗ್ಗಿ ನೋಡಿದಳು. ಕಿಲುಬು ಇದ್ದರೆ ತಾನೇ ನೊರೆ ಏಳುವುದು? ಸೀಸ ಬರಿದಾಗಿ, ಬೆಳ್ಳಗೆ, ಆಗತಾನೇ ಕೆರೆದ ಹಾಗಿತ್ತು. ಅವಳು ಅದಕ್ಕೂ ಸಮಾಧಾನಪಡಲಿಲ್ಲ. "ಇದನ್ನ ಆವತ್ತೇ ಮುಗಿಸಿ ಚಹಾಕ್ಕೆ ಬರೋಕೇನಾಗಿತ್ತು?" ಎಂದಳು. ಸತ್ತವರಿಗಾಗಿ ಅತ್ತರೆ ಅವರ ದಾರಿಗೆ ಹೊಳೆ ಅಡ್ಡ ಬರುತ್ತದೆ ಎಂದು ನಾವು ಅಳುವುದಿಲ್ಲ. ಅವಳು ಆ ಕಟ್ಟನ್ನೂ ಮುರಿದಳು. ಬಾನೆಟ್ಟಿಗೆ ಹಣೆ ಹಚ್ಚಿ, ಗಂಟಲು ಬಿಟ್ಟು, ಸಾಕೆನ್ನುವಷ್ಟು ಅತ್ತಳು. ಆಮೇಲೆ ಕೈಗವಸು ತೊಟ್ಟು ಸ್ಪ್ಯಾನರ್ ಹಿಡಿದಳು.

ಬಾಲ್ಜಿರನ ನೀಲಿ ಲಾರಿ ಬಂದು ನಿಂತಿತು. ಅವನು ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡೇ ಇಳಿದ. ಎರಡು ಬೂದಿಗುಪ್ಪೆ ನೋಡಿದ. ಅವಳ ಕಣ್ಣು ನೋಡಿದ.

"ಏನತ್ತಿಗೆ... ರಾತ್ರಿಯೆಲ್ಲ ಅತ್ತ ಹಾಗಿದೆ?"

"ಹೌದು. ಅತ್ತೆ. ಹಗ್ಗ ತಂದಿದ್ದೀಯಾ?"

"ತಂದಿದ್ದೀನಿ."

"ಇಟ್ಕೋ. ಕುರಿ ಕಟ್ಟೋಕೆ ಆಗುತ್ತೆ."

ಹತ್ತಿ ಕೂತು ಸೆಲ್ಫ್ ಹೊಡೆದಳು. ಊ... ಊ... ಊ... ಅಂತ ನಿಧಾನಕ್ಕೆ ಎಳೆಯಿತು. ನಿಂತಿತು. ಬಾಲ್ಜಿರ್ ಹಗ್ಗದ ಗಂಟು ಬಿಚ್ಚತೊಡಗಿದ. ಅವಳು ಪಕ್ಕದ ಸೀಟಿನ ಕಡೆ ತಿರುಗಿ, "ನಿನ್ನ ತಮ್ಮ ನೋಡ್ತಿದ್ದಾನೆ, ಮರ್ಯಾದೆ ಕಳೀಬೇಡ" ಎಂದಳು. ಇನ್ನೊಮ್ಮೆ ಹೊಡೆದಳು. ಊ... ಊ... ಧಡ್! ಹೊಗೆಕೊಳವೆ ಕಪ್ಪಗೆ ಕೆಮ್ಮಿತು. ಇಂಜಿನ್ ಹಿಡಿಯಿತು. ಇಡೀ ಗಾಡಿ ಕಿಟಕಿಯ ಗಾಜುಗಳ ಸಮೇತ ಗದಗದ ಎಂದು ನಡುಗುತ್ತಾ ನಿಂತಿತು.

ಬಾಲ್ಜಿರ್ ಹಗ್ಗವನ್ನು ಮತ್ತೆ ಸುತ್ತಿದ. "ಯಾರ ಜೊತೆ ಮಾತಾಡಿದ್ರಿ?" ಎಂದು ಮೆಲ್ಲಗೆ ಕೇಳಿದ.

"ನಿಂಗ್ಯಾಕೆ? ಪಾಲು ಕೇಳಲ್ಲ ಅಂದಿದ್ದೀಯ, ನೆನಪಿರ್ಲಿ."

ಆ ದಿನ ಅವಳು ಜಿಲ್ಲಾ ಕೇಂದ್ರಕ್ಕೆ ಹೋಗಿ, ಹಬ್ಬಕ್ಕೆ ಮನೆ ಸೇರಬೇಕಾದವರನ್ನು ತುಂಬಿಕೊಂಡು ಬಂದಳು. ಜಾಗವಿಲ್ಲದೆ ಜನ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತರು. ಮುಂದಿನ ಸೀಟಿನಲ್ಲಿ ಮಾತ್ರ ಯಾರನ್ನೂ ಕೂರಿಸಲಿಲ್ಲ. ಒಬ್ಬ ಮುದುಕ ಜಗಳ ಆಡಿದ. "ಖಾಲಿ ಇದೆಯಲ್ಲಮ್ಮ!" "ಖಾಲಿ ಇಲ್ಲ ತಾತ. ಹಿಂದೆ ಕೂತ್ಕೊಳ್ಳಿ." ಮುದುಕ ಗೊಣಗುತ್ತಾ ಬಾಗಿಲು ತೆಗೆದು ನೋಡಿದ. ಆಮೇಲೆ ಬಾಗಿಲು ಮುಚ್ಚಿ ಹೋಗಿ ಹಿಂದೆ ಕೂತ.

ಡೆಜಿದಜ್ಜಿ ಬಹಳ ದಿನ ಅವಳ ಮನೆಯ ಕಡೆ ಬರಲಿಲ್ಲ. "ಮೂರೂ ತಪ್ಪಿದ್ಲಂತೆ, ನಾಲ್ಕನೆಯದಕ್ಕೆ ಅತ್ತಳಂತೆ" ಎಂದು ಹೇಳಿಕೊಂಡು ತಿರುಗಿದಳು. ನೊರ್ಜ್‌ಮಾ ದಾರಿಯಲ್ಲಿ ಸಿಕ್ಕಾಗ, "ಬನ್ನಿ ಅಜ್ಜಿ, ಗಾಡೀಲಿ ಬಿಡ್ತೀನಿ" ಎನ್ನುತ್ತಿದ್ದಳು. ಅಜ್ಜಿ ಕೋಲೂರಿಕೊಂಡು ಇನ್ನಷ್ಟು ಬೇಗ ನಡೆಯುತ್ತಿದ್ದಳು.

ನಂಬದವರು ನಂಬಬೇಕಾಗಿಲ್ಲ. ಸೀಸಕ್ಕೆ ಕಿಲುಬು ಏಕೆ ಕಟ್ಟುತ್ತದೆ, ಚೌಳಿಗೆ ಏಕೆ ಬಿಡುತ್ತದೆ ಎಂಬುದನ್ನು ನಾನೇ ತರಗತಿಯಲ್ಲಿ ಹಲಗೆಯ ಮೇಲೆ ಬರೆದು ಪಾಠ ಮಾಡುತ್ತೇನೆ. ಬರೆದದ್ದರಲ್ಲಿ ತಪ್ಪಿಲ್ಲ. ಆದರೆ ಇದೂ ನಡೆದದ್ದೇ. ಹೋದ ವಾರ ಅವಳ ಕೈ ಉಳುಕಿತ್ತು. ನಸುಕಿನಲ್ಲಿ ಬೇಲಿಯಾಚೆಯಿಂದ ಕರೆದು, ಬ್ಯಾಟರಿಯನ್ನು ಗಾಡಿಯವರೆಗೆ ಎತ್ತಿಕೊಡಲು ಹೇಳಿದಳು. ರಾತ್ರಿಯೆಲ್ಲ ಅದು ಅದೇ ಹಲಗೆಯ ಮೇಲಿತ್ತು. ಕೈಗವಸು ಹಾಕಿಕೊಳ್ಳದೆ ಎರಡೂ ಬದಿಗೆ ಕೈ ಕೊಟ್ಟು ಎತ್ತಿದೆ.

ಒಲೆಯ ಕಡೆಯ ಮಗ್ಗುಲು ತಣ್ಣಗಿತ್ತು. ಗೋಡೆಯ ಕಡೆಯದು, ಯಾರೋ ರಾತ್ರಿಯೆಲ್ಲ ಒರಗಿ ಕೂತಿದ್ದ ಹಾಗೆ, ಬೆಚ್ಚಗಿತ್ತು.